ಸಂಬಳ ನಿಂತದ್ದು ಯಾವ ತಿಂಗಳು?

ಮುಂಬಯಿಯ ಭಾಂಡುಪಿನ ನಮ್ಮ ಬೈಠಿ ಚಾಳಿನಲ್ಲಿ ನನ್ನ ಅಂಗಳಕ್ಕೂ ಪಕ್ಕದ ಮನೆಯ ಅಕ್ಕನ ಅಂಗಳಕ್ಕೂ ನಡುವೆ ಇರುವ ಬೇಲಿಯೆಂದರೆ ಒಂದು ಬಸಳೆ ಚಪ್ಪರ. ಊರಿನಿಂದ ದಂಟು ತಂದು ನೆಟ್ಟವರು ಅವರು, ನೀರು ಹಾಕುವವಳು ನಾನು, ಕೊಯ್ಯುವವರು ಇಬ್ಬರೂ. ಮೊನ್ನೆ ಸಂಜೆ ಸೊಪ್ಪು ಕೊಯ್ಯುವಾಗ ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು. ಮಂಗಳೂರಿಗೆ ಹೊರಟಿದ್ದ ಅವರ ತಮ್ಮನ ವಿಮಾನ ರದ್ದಾಗಿತ್ತು. ಸಿಬ್ಬಂದಿಯೆಲ್ಲ ಒಟ್ಟಿಗೇ ರಜೆ ಹಾಕಿದ್ದರಂತೆ.

"ಅಷ್ಟು ಸಂಬಳ ಬರುವವರಿಗೆ ಸಂಪು ಎಂತಕ್ಕೆ ಮಾರಾಯ್ತಿ? ಎಲ್ಲರಿಗೂ ಒಂದೇ ದಿನ ಜ್ವರವಾ?"

ನಾನು ವಿಮಾನದ ಕೆಲಸದವಳಲ್ಲ. ಪೇಪರಿನಲ್ಲಿ ಓದಿದ್ದಷ್ಟೇ ಗೊತ್ತು. ಆದರೂ ಜ್ವರದ ಮಾತಿಗೆ 2009ರ ಸೆಪ್ಟೆಂಬರ್ ನೆನಪಾಯಿತು. ಜೆಟ್ ಏರ್‌ವೇಸ್‌ನ ನೂರಾರು ಪೈಲಟ್‌ಗಳು ಆಗ ಐದು ದಿನ ಅಸೌಖ್ಯದ ರಜೆ ಹಾಕಿದ್ದರು. "ಅವರು ಕೇಳಿದ್ದು ಸಂಬಳ ಅಲ್ಲ ಅಕ್ಕಾ. ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಅಂತ ಸಂಘ ಕಟ್ಟಲು ಮುಂದಾದ ಇಬ್ಬರನ್ನು ಕೆಲಸದಿಂದ ತೆಗೆದಿದ್ದರು. ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಕೇಳಿದ್ದು."

ಅದರ ಹಿಂದಿನ ವರ್ಷದ್ದನ್ನೂ ಹೇಳಿದೆ. 2008ರ ಅಕ್ಟೋಬರಿನಲ್ಲಿ ಅದೇ ಕಂಪನಿ 1,900 ಮಂದಿಯನ್ನು ತೆಗೆಯಲು ಹೊರಟಿತ್ತು. ಕೆಲಸ ಹೋದ ಹುಡುಗ ಹುಡುಗಿಯರು ಯೂನಿಫಾರ್ಮಿನಲ್ಲೇ ಮುಂಬಯಿ ವಿಮಾನ ನಿಲ್ದಾಣದಲ್ಲಿ ಬಂದು ನಿಂತರು. ದೇಶವೆಲ್ಲ ಟೀವಿಯಲ್ಲಿ ನೋಡಿತು. ಒಂದೆರಡು ದಿನದಲ್ಲೇ ಅಧ್ಯಕ್ಷ ನರೇಶ್ ಗೋಯಲ್ ಎಲ್ಲರನ್ನೂ ವಾಪಸ್ ಕರೆದರು.

"ಹಾಗೆ ಜಗಳ ಮಾಡಿಯೇ ಕಂಪನಿ ಮುಳುಗಿದ್ದಲ್ವಾ? ಗಿರಣಿಯವರದ್ದೂ ಹಾಗೇ ಆಯಿತು" ಎಂದರು ಅಕ್ಕ.

ಮುಂಬಯಿಯಲ್ಲಿ ಬಾಳಿದ ಯಾರ ಮನಸ್ಸಿನಲ್ಲೂ ಈ ಹೆದರಿಕೆ ಇದ್ದೇ ಇದೆ. 1982ರ ಜನವರಿ 18ರಿಂದ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತು ನಂಬಿ ಎರಡೂವರೆ ಲಕ್ಷದಷ್ಟು ಬಟ್ಟೆ ಗಿರಣಿ ಕೆಲಸಗಾರರು ಸಂಪು ಹೂಡಿ ಹೊರಗೆ ನಿಂತರು. ಅವರಲ್ಲಿ ಎಷ್ಟೋ ಮಂದಿಗೆ ಗಿರಣಿಯ ಗೇಟು ಮತ್ತೆ ತೆರೆಯಲಿಲ್ಲ. ಹಾಗಾಗಿ ಅಕ್ಕನ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಜೆಟ್ ನಿಂತದ್ದು ಸಂಪಿನಿಂದಲ್ಲ, ಸಾಲದಿಂದ.

2019ರಲ್ಲಿ ಅಲ್ಲಿನ ಪೈಲಟ್‌ಗಳಿಗೂ ಇಂಜಿನಿಯರುಗಳಿಗೂ ಜನವರಿಯಿಂದ ಸಂಬಳ ಬಂದಿರಲಿಲ್ಲ. ಏಪ್ರಿಲ್ 1ರಿಂದ ವಿಮಾನ ಹಾರಿಸುವುದಿಲ್ಲ ಎಂದು ಪೈಲಟ್‌ಗಳ ಸಂಘ ಹೇಳಿತು. ಕಂಪನಿ ಉಳಿಯಲಿ ಎಂದು ಆ ದಿನವನ್ನು 15ಕ್ಕೆ ದೂಡಿತು. 14ರಂದು ಮತ್ತೆ ಮುಂದಕ್ಕೆ ಹಾಕಿತು. 17ರ ರಾತ್ರಿ ಅಮೃತಸರದಿಂದ ಮುಂಬಯಿಗೆ ಹೊರಟದ್ದೇ ಕೊನೆಯ ವಿಮಾನ. ಬೆಂಗಳೂರಿನ ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನ ಕಂಪನಿಯಲ್ಲಿಯೂ 2012ರ ಮಾರ್ಚ್‌ನಿಂದ ಸಂಬಳವಿಲ್ಲದೆ ದುಡಿದವರು ಸೆಪ್ಟೆಂಬರ್ ಕೊನೆಗೆ ಕೆಲಸ ನಿಲ್ಲಿಸಿದರು. ಕಾದವರ ಕಂಪನಿಯೂ ಮುಚ್ಚಿತು, ಕಾದು ಸಾಕಾಗಿ ಎದ್ದವರ ಕಂಪನಿಯೂ ಮುಚ್ಚಿತು.

"ಆ ಜೆಟ್‌ನವರಿಗೆ ಬಾಕಿ ದುಡ್ಡಾದರೂ ಸಿಕ್ಕಿತಾ?"

ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಐದೂವರೆ ವರ್ಷ ಕಾದ ಮೇಲೆ, 2024ರ ನವೆಂಬರ್ 7ರಂದು, ಆಸ್ತಿ ಮಾರಿ ಕಂಪನಿಯನ್ನು ಮುಗಿಸಿಬಿಡಿ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಾಗೆ ಮಾರಿ ಬಂದ ದುಡ್ಡಿಗೆ ಕಾನೂನಿನಲ್ಲಿ ಒಂದು ಸಾಲು ಉಂಟು. ಮೊದಲು ಆ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಹಿಡಿದ ಬ್ಯಾಂಕುಗಳ ಸಾಲ, ಸಮಸಮವಾಗಿ. ಉಳಿದ ನೌಕರರ 12 ತಿಂಗಳ ಸಂಬಳ ಅದರ ನಂತರ. ಬ್ಯಾಂಕಿನ ಸಾಲ ಬೆಟ್ಟದಷ್ಟಿದ್ದರೆ ಹಿಂದೆ ನಿಂತವರ ಕೈಗೆ ಬರುವುದೆಷ್ಟು?

ವಿಮಾನ ಒಂದು ದಿನ ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ. ಸಂಬಳ ನಾಲ್ಕು ತಿಂಗಳು ನಿಂತರೆ ಗೊತ್ತಾಗುವುದು ಆ ಮನೆಯಲ್ಲಿ ಅಡುಗೆ ಮಾಡುವವಳಿಗೆ ಮಾತ್ರ. ನಮ್ಮ ಟಿಕೇಟಿನ ಸಿಟ್ಟು ಸುಳ್ಳಲ್ಲ. ತಮ್ಮನಿಗಾದ ತೊಂದರೆಯೂ ದೊಡ್ಡದೇ. ಆದರೆ ಬೈಯುವ ಮೊದಲು, ಕೆಲಸ ನಿಲ್ಲಿಸಿದವರಿಗೆ ಏನಾಗಿ ಇಲ್ಲಿಯವರೆಗೆ ಬಂತು ಎಂದು ಒಂದು ಮಾತು ಕೇಳಬೇಕು.

ಅಕ್ಕ ಮಾತಾಡಲಿಲ್ಲ. ಅವರ ಯಜಮಾನರು ದುಡಿದದ್ದು ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗದ ಒಂದು ಕಾರ್ಖಾನೆಯಲ್ಲಿ. ಅದು ಮುಚ್ಚಿ ಬಹಳ ವರ್ಷವಾಯಿತು.

"ಕಿರಾಣಿಯವ ಐದು ತಿಂಗಳು ಉದ್ರಿ ಕೊಟ್ಟ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಇವರು ಮಾತ್ರ ದಿನಾ ಡಬ್ಬ ಹಿಡಿದುಕೊಂಡು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು. ರಜೆ ಹಾಕಿದರೆ ಬಾಕಿಯೂ ಹೋದೀತು ಅಂತ. ಜ್ವರ ಬಂದ ದಿನವೂ ಹೋಗಿದ್ದರು."

ಕೊಯ್ದ ಸೊಪ್ಪಿನಲ್ಲಿ ಅರ್ಧವನ್ನು ನನ್ನ ಮೊರಕ್ಕೆ ಹಾಕಿದರು. "ತಮ್ಮ ಫೋನ್ ಮಾಡಿದರೆ ಕೇಳ್ತೇನೆ, ಆ ರಜೆ ಹಾಕಿದವರಿಗೆ ಎಂತ ಆಗಿತ್ತಂತೆ ಅಂತ" ಎಂದು ಒಳಗೆ ಹೋದರು.