ಜಗಲಿಶಬ್ದಮೀಮಾಂಸೆ

ಶಾಸ್ತ್ರವೆಂದ ಮೇಲೆ ‘ಅಥ’ ಎಂದೇ ಶುರುವಾಗಬೇಕು. ‘ಅಥ’ ಎಂದರೆ ‘ಆಮೇಲೆ’. ಯಾವುದರ ಆಮೇಲೆ ಎಂಬುದನ್ನು ತಿಳಿಸಲು ಭಾಷ್ಯಕಾರರು ಪುಟಗಟ್ಟಲೆ ಬರೆದಿದ್ದಾರೆ. ಈ ಶಾಸ್ತ್ರದಲ್ಲಿ ಆ ತೊಡಕಿಲ್ಲ. ವರ್ಗಾವಣೆಯ ಆರ್ಡರು ಕೈಸೇರಿದ ಆಮೇಲೆ, ಮೈಸೂರಿನ ಸಾಮಾನೆಲ್ಲ ಲಾರಿಯಲ್ಲಿ ಬಂದು ಅರ್ಧ ಒಡೆದ ಆಮೇಲೆ, ಉತ್ತರ ಕೋಲ್ಕತ್ತದ ಹಳೆಯ ಬಾಡಿಗೆ ಮನೆಗೆ ಬೀದಿಯ ಕಡೆ ಒಂದು ಜಗಲಿಯೂ ಇದೆಯೆಂದು ತಿಳಿದ ಆಮೇಲೆ, ಆ ಜಗಲಿಗೊಂದು ಸ್ಪೀಕರು ಬೇಕೆನ್ನುವ ಜಿಜ್ಞಾಸೆ ಹುಟ್ಟುತ್ತದೆ.

ಯಾವ ಗ್ರಂಥಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಲೇಬೇಕು. ವಿಷಯ: ಹೊರಾಂಗಣದ ಸ್ಪೀಕರು. ಪ್ರಯೋಜನ: ಸಂಜೆ ಕಾಫಿ ಕುಡಿಯುತ್ತ ಮೃದಂಗ ಕೇಳುವುದು. ಸಂಬಂಧ: ನೆರೆಯವರೊಂದಿಗೆ ಈಗ ಚೆನ್ನಾಗಿದೆ, ಮುಂದಿನದು ಗ್ರಂಥದ ಕೊನೆಯಲ್ಲಿ. ಅಧಿಕಾರಿ ಯಾರು ಎಂಬಲ್ಲಿ ಪ್ರಾಚೀನರು ವಿವೇಕ, ವೈರಾಗ್ಯ, ಶಮ, ದಮಗಳನ್ನೆಲ್ಲ ಕೇಳುತ್ತಾರೆ. ಇಲ್ಲಿ ಬ್ಯಾಂಕಿನ ಅಧಿಕಾರಿಯಾದರೆ ಸಾಕು, ಅದೂ ಸ್ಕೇಲ್ ಎರಡರವನು.

ಮೊದಲು ಜಗಲಿಯ ಲಕ್ಷಣ. ಬಂಗಾಳಿಯಲ್ಲಿ ಇದಕ್ಕೆ ‘ರೊವಾಕ್’ ಎನ್ನುತ್ತಾರೆ, ಬಾಯಿಮಾತಿನಲ್ಲಿ ಬರೀ ‘ರೊಕ್’. ಮನೆಯ ಮುಂಗೋಡೆಗೆ ಅಂಟಿಕೊಂಡು ಬೀದಿಗೆ ಕಾಲು ಚಾಚಿದ ಕಟ್ಟೆ. ಮನೆಯೊಡೆಯನಿಗಿಂತ ಪಾಡಾದ ಹುಡುಗರಿಗೆ, ಎಂದರೆ ಕೇರಿಯವರಿಗೆ, ಇದರ ಮೇಲೆ ಹೆಚ್ಚು ಹಕ್ಕು. ನಾರಾಯಣ ಗಂಗೋಪಾಧ್ಯಾಯರ ಟೆನಿದಾ ಕಥೆಗಳಲ್ಲಿ ಪಟಲ್‌ಡಾಂಗಾದ ಚಟರ್ಜಿಯವರ ರೊವಾಕ್ ಇಡೀ ಒಂದು ಪಾತ್ರದಷ್ಟೇ ಪ್ರಸಿದ್ಧ. ಮಲೆನಾಡಿನ ಜಗಲಿಯ ಮುಂದೆ ಅಂಗಳವಿದೆ, ಅಂಗಳದ ಮುಂದೆ ತೋಟ, ತೋಟದ ಮುಂದೆ ಗುಡ್ಡ. ರೊವಾಕಿನ ಮುಂದೆ ನಾಲ್ಕು ಮೀಟರಿನ ಗಲ್ಲಿ, ಗಲ್ಲಿಯಾಚೆ ಎದುರುಮನೆಯ ಮಾಶಿಮಾ, ಎಂದರೆ ಚಿಕ್ಕಮ್ಮನಂಥವರು. ಈ ಒಂದು ಭೇದ ಮುಂದೆ ಎಲ್ಲ ಲೆಕ್ಕವನ್ನೂ ಕೆಡಿಸಲಿದೆ.

ಇನ್ನು ಶಬ್ದದ ಸ್ವರೂಪ. ಶಬ್ದ ನಿತ್ಯವೆಂದು ಮೀಮಾಂಸಕರು. ಹುಟ್ಟುತ್ತದೆ, ಸಾಯುತ್ತದೆ, ಆದ್ದರಿಂದ ಅನಿತ್ಯವೆಂದು ನೈಯಾಯಿಕರು. ನವ್ಯನ್ಯಾಯದ ದೊಡ್ಡ ಕೇಂದ್ರವಾಗಿದ್ದ ನವದ್ವೀಪ ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು. ಆದಕಾರಣ ಬಂಗಾಳದ ಅಧಿಕೃತ ನಿಲುವು ಶಬ್ದ ಅನಿತ್ಯವೆಂದೇ ಇರಬೇಕು. ದುರ್ಗಾಪೂಜೆಯ ಐದು ದಿನ ಪೆಂಡಾಲಿನ ಮೈಕಿನ ಕೆಳಗೆ ವಾಸವಿದ್ದವನು ಮಾತ್ರ ಯಾರೂ ಹೇಳದೆ ಮೀಮಾಂಸಕನಾಗಿಬಿಡುತ್ತಾನೆ.

ಶಬ್ದ ಹುಟ್ಟಿದ ಜಾಗದಿಂದ ಕಿವಿಗೆ ಬರುವುದು ಹೇಗೆ? 17ನೆಯ ಶತಮಾನದ ಬಂಗಾಳಿ ನೈಯಾಯಿಕ ವಿಶ್ವನಾಥ ನ್ಯಾಯಪಂಚಾನನರ ಹೆಸರಿನಲ್ಲಿರುವ ‘ಭಾಷಾಪರಿಚ್ಛೇದ’ ಎರಡು ಮತಗಳನ್ನು ಕೊಡುತ್ತದೆ. ಒಂದು ವೀಚೀತರಂಗನ್ಯಾಯ: ಅಲೆಯಿಂದ ಅಲೆ ಹುಟ್ಟಿ ಸಾಗುವಂತೆ. ಇನ್ನೊಂದು ಕದಂಬಗೋಲಕನ್ಯಾಯ: ಕದಂಬದ ಹೂವಿನ ಚೆಂಡಿನಲ್ಲಿ ಕೇಸರಗಳು ಎಲ್ಲ ದಿಕ್ಕಿಗೂ ಒಟ್ಟಿಗೇ ನಿಮಿರುವಂತೆ. ಸ್ಪೀಕರಿನ ಅಂಗಡಿಯವರು ಇದನ್ನು ಓದಿಲ್ಲ. ಆದರೂ ಸುತ್ತ 360 ಡಿಗ್ರಿ ಹಾಡುವ ಡಬ್ಬಿಯೊಂದನ್ನೂ, ಒಂದೇ ಕಡೆಗೆ ಮುಖ ಮಾಡಿದ ಡಬ್ಬಿಯೊಂದನ್ನೂ ಮುಂದಿಟ್ಟು ಯಾವುದು ಬೇಕು ದಾದಾ ಎಂದು ಕೇಳುತ್ತಾರೆ. ಬನವಾಸಿಯ ನೆಲದಿಂದ ಬಂದವನಿಗೆ ಕದಂಬಪಕ್ಷವೇ ಪ್ರಿಯವಾಗುವುದು ಸಹಜ. ಆದರೆ ರೊವಾಕಿನ ಮೇಲೆ ಕದಂಬಪಕ್ಷ ಅಪಾಯಕಾರಿ. ಕೇಳುವವನು ಒಬ್ಬ, ಕೇಸರಗಳು ಹತ್ತು ಮನೆಗೆ.

ಈ ಊರು ಶಬ್ದವನ್ನು ಹಗುರವಾಗಿ ತೆಗೆದುಕೊಂಡದ್ದಲ್ಲ ಎಂಬುದಕ್ಕೆ ಒಂದು ಪ್ರಮಾಣ ಕೊಡಲೇಬೇಕು. 1907ರಲ್ಲಿ ಹಣಕಾಸು ಇಲಾಖೆಯ ನೌಕರಿಗೆಂದು ಕಲ್ಕತ್ತೆಗೆ ಬಂದ ಸಿ. ವಿ. ರಾಮನ್ (ಅವರೂ ವರ್ಗಾವಣೆಯ ಅಧಿಕಾರಿಯೇ ಎಂಬುದನ್ನು ಗಮನಿಸಬೇಕು) ಆಫೀಸಿನ ಮುಂಚೆ ಮತ್ತು ಆಮೇಲೆ ಬೌಬಜಾರ್ ಬೀದಿಯ 210ನೆಯ ನಂಬರಿನ ವಿಜ್ಞಾನ ಸಂಸ್ಥೆಯಲ್ಲಿ ಪಿಟೀಲು, ಮೃದಂಗ, ತಬಲಗಳನ್ನು ಅಳೆಯುತ್ತ ಕೂರುತ್ತಿದ್ದರು. ಬರೀ ಚರ್ಮದ ಹೊದಿಕೆ ಬೇಸುರಾಗಿ ಅದುರುತ್ತದೆ. ನಡುವೆ ಕರಣೆ ಹಾಕಿ ತೂಕ ಕೊಟ್ಟರೆ ಅದೇ ಚರ್ಮದಿಂದ ತಂತಿವಾದ್ಯದಂತೆ ಹೊಂದಿಕೆಯ ಸ್ವರಗಳು ಏಳುತ್ತವೆ. ಈ ಸಂಗತಿಯನ್ನು ಅವರು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದು, ಮರುವರ್ಷ ಭಾರತೀಯ ಚರ್ಮವಾದ್ಯಗಳ ಮೇಲೆ ದೊಡ್ಡ ಲೇಖನವನ್ನೇ ಬರೆದರು. ಕಲ್ಕತ್ತೆ ರಾಮನ್ನರನ್ನು ಬೆಂಗಳೂರಿಗೆ ಕೊಟ್ಟಿತು. ಬದಲಿಗೆ ಬೆಂಗಳೂರು ವರ್ಷವರ್ಷವೂ ಬ್ಯಾಂಕಿನವರನ್ನು ಕಳಿಸುತ್ತಿದೆ. ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಅಂಗೈಯಗಲದ ಹೊರಾಂಗಣ ಸ್ಪೀಕರಿನಲ್ಲಿ ಆ ಮೃದಂಗದ ಗತಿ ಏನಾಗುತ್ತದೆ? ಬಲಗಡೆಯ ‘ತಕಿಟ’ ಕೇಳುತ್ತದೆ, ಎಡಗಡೆಯ ತೊಪ್ಪಿ ಎಲ್ಲೋ ಹೋಗುತ್ತದೆ. ಕೋಣೆಯೊಳಗೆ ನಾಲ್ಕು ಗೋಡೆ, ತಾರಸಿ, ನೆಲ ಸೇರಿ ತಗ್ಗಿನ ನಾದವನ್ನು ಹಿಡಿದಿಟ್ಟು ವಾಪಸು ಕೊಡುತ್ತವೆ. ಬಯಲಿನಲ್ಲಿ ಕೊಡುವವರಿಲ್ಲ. ಸ್ಪೀಕರನ್ನು ಗೋಡೆಗೆ ಒತ್ತಿ, ಇನ್ನೂ ಬೇಕಿದ್ದರೆ ಮೂಲೆಗೆ ಒತ್ತಿ ಇಟ್ಟರೆ ಒಂದಿಷ್ಟು ತೊಪ್ಪಿ ಮರಳುತ್ತದೆ. ಇದು ಯಾವ ದುಬಾರಿ ಪೆಟ್ಟಿಗೆಗಿಂತಲೂ ಅಗ್ಗದ ಉಪಾಯ. ಆದ್ದರಿಂದಲೇ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹೆಸರಿನ ವಿಚಾರಕ್ಕೆ ಬಂದರೆ ಕೋಲ್ಕತ್ತದವರ ಎದೆ ಉಬ್ಬುತ್ತದೆ. ಜಗತ್ತಿನ ಅತಿ ಪ್ರಸಿದ್ಧ ಸ್ಪೀಕರುಗಳಲ್ಲಿ ಒಂದರ ಹೆಸರು ಬೋಸ್. ಬ್ರಿಟಿಷರ ವಿರುದ್ಧ ಹೋರಾಡಿ, ಸೆರೆವಾಸ ಕಂಡು, 1920ರ ಹೊತ್ತಿಗೆ ಕಲ್ಕತ್ತೆಯಿಂದ ಅಮೆರಿಕಕ್ಕೆ ಪಾರಾದ ನನಿ ಗೋಪಾಲ್ ಬೋಸರ ಮಗ ಅಮರ್ ಬೋಸ್ 1964ರಲ್ಲಿ ಆ ಕಂಪನಿ ಕಟ್ಟಿದರು. ವಿದ್ಯಾರ್ಥಿಯಾಗಿದ್ದಾಗ ಕೊಂಡ ಸ್ಟೀರಿಯೋದ ನಾದ ಹಿಡಿಸದೆ ಹುಟ್ಟಿದ ಹಟ ಅದು. 1968ರ ಅವರ 901 ಎಂಬ ಮಾದರಿಯಲ್ಲಿ ಒಂಬತ್ತು ಪುಟ್ಟ ಸ್ಪೀಕರುಗಳು. ಒಂದು ಕೇಳುಗನ ಕಡೆ, ಎಂಟು ಹಿಂದಿನ ಗೋಡೆಯ ಕಡೆ. ಸಭಾಂಗಣದಲ್ಲಿ ನಮಗೆ ತಲುಪುವ ನಾದದ ಬಹುಪಾಲು ಗೋಡೆಗೆ ಬಡಿದು ಬಂದದ್ದೇ ಎಂಬುದು ಅವರ ವಾದ. ಮನೆಯೊಳಗೆ ಇದು ಒಪ್ಪುವ ಮಾತು. ಕೋಲ್ಕತ್ತದ ಜಗಲಿಯಲ್ಲಿ ಬೀದಿಗೆ ಬೆನ್ನು ಮಾಡಿ ಇಟ್ಟರೆ ಆ ಎಂಟಕ್ಕೂ ಸಿಗುವ ಗೋಡೆ ಮಾಶಿಮಾರದ್ದು.

ಊರಿನ ಮಟ್ಟಿಗೆ ಹೇಳುವುದಾದರೆ ಸ್ಪೀಕರಿನ ಕಂಪನಿ ಸೋನೋಡೈನ್ 1970ರಿಂದ ಇಲ್ಲಿಯೇ ಇದೆ. ಚಾಂದನಿ ಚೌಕದ ಅಂಗಡಿಗಳಲ್ಲಿ ತಂತಿ, ಆಂಪ್ಲಿಫೈಯರು, ಚೋಂಗಾ ಎಂದು ಕರೆಯುವ ತುತ್ತೂರಿ ಸ್ಪೀಕರು, ಎಲ್ಲ ರಾಶಿಯಾಗಿ ಬಿದ್ದಿರುತ್ತವೆ.

ನಿಸ್ತಂತು ಪಕ್ಷವೊಂದಿದೆ, ಅದನ್ನೂ ಖಂಡಿಸಿಬಿಡೋಣ. 1895ರಲ್ಲಿ ಇದೇ ಊರಿನ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ಅಲೆಗಳನ್ನು ಗೋಡೆ ದಾಟಿಸಿ ಗಂಟೆ ಬಾರಿಸಿದರು, ಮದ್ದಿಗೆ ಕಿಡಿ ಹೊತ್ತಿಸಿದರು. ನೂರಮೂವತ್ತು ವರ್ಷದ ತರುವಾಯ ಬ್ಲೂಟೂತ್ ಎಂಬ ಅಲೆ ಅಡುಗೆಮನೆಯ ಫೋನಿನಿಂದ ಜಗಲಿಗೆ ಹೊರಟು, ನಡುಮನೆಯಲ್ಲಿ ಅತ್ತೆಯವರು ಎದ್ದು ನಿಂತರೆ ಅಲ್ಲೇ ತಡವರಿಸುತ್ತದೆ. ಇದರಲ್ಲಿ ಅತ್ತೆಯವರ ತಪ್ಪಿಲ್ಲ. ಆ ಅಲೆಯನ್ನು ನೀರು ಹೀರುತ್ತದೆ, ಮನುಷ್ಯದೇಹದ ಬಹುಪಾಲು ನೀರು. ಆದಕಾರಣ ಜಗಲಿಗೆ ತಂತಿ ಎಳೆಯುವುದೇ ಸಿದ್ಧಾಂತ, ಅದೂ ಕಿಟಕಿಯ ಸಂದಿಯಲ್ಲಿ ಅಲ್ಲ, ಕೊಳವೆಯೊಳಗೆ.

ಜಲಪ್ರಕರಣ ದೊಡ್ಡದು. ಕೋಲ್ಕತ್ತದಲ್ಲಿ ವರ್ಷಕ್ಕೆ ಸುಮಾರು 1,800 ಮಿಲಿಮೀಟರ್ ಮಳೆ. ಮುಂಗಾರಿಗೆ ಮೊದಲೇ ಏಪ್ರಿಲ್–ಮೇ ಸಂಜೆಗಳಲ್ಲಿ ಕಾಲ್‌ಬೈಶಾಖಿ ಬೀಸಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಸೂರು ಇದ್ದರೂ ಪ್ರಯೋಜನವಿಲ್ಲ. ಪೆಟ್ಟಿಗೆಯ ಮೇಲೆ ಐಪಿ ಎಂದು ಬರೆದು ಎರಡು ಅಂಕಿ ಹಾಕಿರುತ್ತಾರೆ. ಮೊದಲನೆಯದು ಧೂಳಿಗೆ, 6 ಬಂದರೆ ಧೂಳು ಒಳಹೋಗದು. ಎರಡನೆಯದು ನೀರಿಗೆ: 4 ಎಂದರೆ ಎರಚಲು ತಡೆಯುತ್ತದೆ, 5 ಎಂದರೆ ಪೈಪಿನ ನೀರು, 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಜಗಲಿಗೆ 65 ಸಾಕೆಂದು ವಿದ್ವಾಂಸರ ಮತ. ಠನ್‌ಠನಿಯಾ ಕಾಳಿಬಾಡಿಯ ಸುತ್ತಮುತ್ತ ಮನೆ ಮಾಡಿದವರು 67ಕ್ಕೆ ಹೋಗುವುದು ವಾಡಿಕೆಯಾಗಬೇಕಿತ್ತು. ಆದರೆ ಅಲ್ಲಿ ಮಳೆಯ ನೀರು ನಿಂತರೆ ಅರ್ಧ ಗಂಟೆಯಲ್ಲಿ ಇಳಿಯುವುದಿಲ್ಲವಾದ್ದರಿಂದ ಶಾಸ್ತ್ರ ಅಲ್ಲಿ ಮೌನ ತಾಳುತ್ತದೆ. ಇಷ್ಟಕ್ಕೂ ಈ ಅಂಕಿಗಳೆಲ್ಲ ಪ್ರಯೋಗಾಲಯದ ಹೊಸ ಪೆಟ್ಟಿಗೆಯ ಮಾತು. ಹಿಂದೆ ತಂತಿ ಸಿಕ್ಕಿಸುವ ತೂತಿನ ರಬ್ಬರು ಎರಡು ಬೇಸಗೆ ಒಣಗಿದ ಮೇಲೆ ಅಂಕಿ ಉಳಿಯುತ್ತದೆ, ಅರ್ಥ ಹೋಗುತ್ತದೆ. ಅನುಭವಸ್ಥರ ಮನೆಯಲ್ಲಿ ಇದಕ್ಕೆ ಬೇರೆಯದೇ ವಿಧಿವಾಕ್ಯವಿದೆ: “ರೀ, ಮೋಡ ಕಟ್ತು, ಆ ಡಬ್ಬಾನ ಒಳಗೆ ತನ್ನಿ.”

2020ರ ಮೇ 20ರಂದು ಅಂಫನ್ ಚಂಡಮಾರುತ ದಮ್‌ದಮ್‌ನಲ್ಲಿ ಗಂಟೆಗೆ 133 ಕಿಲೋಮೀಟರ್ ವೇಗದಲ್ಲಿ ಬೀಸಿತು. ಗಾಳಿಗೆ ಐಪಿ ಅಂಕಿಯಿಲ್ಲ.

ಈಗ ಗ್ರಂಥದ ಗಂಟು. ಎಷ್ಟು ವಾಟಿನದು ಬೇಕು? ಅಂಗಡಿಯಲ್ಲಿ ನೂರಕ್ಕೆ ಕಡಿಮೆ ಇಲ್ಲ. ಪಿಎಂಪಿಓ ಎಂಬ ಪದ ಸೇರಿಸಿದರೆ ಸಾವಿರಗಳೂ ಸಿಗುತ್ತವೆ. ಆ ಪದಕ್ಕೆ ಒಪ್ಪಿತವಾದ ಅರ್ಥವೇ ಇಲ್ಲವಾದ್ದರಿಂದ ಅದನ್ನು ಅಲಂಕಾರಶಾಸ್ತ್ರದಲ್ಲಿ ಅತಿಶಯೋಕ್ತಿಯ ಕೆಳಗೆ ಇಡುವುದು ಉಚಿತ. ಇನ್ನೊಂದು ಕಡೆ ಕಾನೂನಿದೆ. 1996ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಭಗವತಿ ಪ್ರಸಾದ್ ಬ್ಯಾನರ್ಜಿ ಮೈಕಿನ ಪ್ರಕರಣವೊಂದರಲ್ಲಿ, ಮಾತಿನ ಸ್ವಾತಂತ್ರ್ಯದೊಳಗೆ ಕೇಳದೆ ಇರುವ ಸ್ವಾತಂತ್ರ್ಯವೂ ಅಡಗಿದೆ, ಯಾರನ್ನೂ ಬಲವಂತದ ಶ್ರೋತೃವಾಗಿಸಕೂಡದು ಎಂದು ತೀರ್ಪಿತ್ತರು. ಕನ್ನಡ ಪತ್ರಿಕೆಗಳು ಮೈಕಾಸುರನೆಂದು ಕರೆಯುವವನನ್ನು ಮರ್ದಿಸಿದ ಮೊದಲ ದೊಡ್ಡ ತೀರ್ಪುಗಳಲ್ಲಿ ಇದೊಂದು. 2000ದಲ್ಲಿ ದೇಶಕ್ಕೆಲ್ಲ ಶಬ್ದಮಾಲಿನ್ಯ ನಿಯಮ ಬಂತು: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಖಾಸಗಿ ಜಾಗದ ಸ್ಪೀಕರು ಆ ಜಾಗದ ಎಲ್ಲೆಯಲ್ಲಿ ಇದಕ್ಕಿಂತ 5 ಡೆಸಿಬೆಲ್ ಮೀರಬಾರದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಹಚ್ಚಲೇಬಾರದು.

ಲೆಕ್ಕ ಮಾಡೋಣ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬೆಲ್. ದೂರ ಇಮ್ಮಡಿಯಾದಾಗಲೆಲ್ಲ ಬಯಲಿನಲ್ಲಿ 6 ಡೆಸಿಬೆಲ್ ಇಳಿಯುತ್ತದೆ. ರೊವಾಕಿನ ಅಂಚು ಸ್ಪೀಕರಿಂದ ಎರಡು ಮೀಟರ್ ಇದೆಯೆನ್ನಿ, ಅಲ್ಲಿಗೆ 81. ಹಗಲಿನ ಮಿತಿ 55ಕ್ಕೆ 5 ಸೇರಿ 60. ಇಪ್ಪತ್ತೊಂದು ಡೆಸಿಬೆಲ್ ಇಳಿಸಬೇಕು, ಅಂದರೆ ವಾಟನ್ನು 126 ಪಾಲು ಮಾಡಿ ಒಂದು ಪಾಲನ್ನು ಮಾತ್ರ ಬಳಸಬೇಕು. ಎಂಟು ಮಿಲಿವಾಟು. ನೂರು ವಾಟಿನ ಪೆಟ್ಟಿಗೆ ಕೊಂಡವನು ಉಳಿದ 99.992 ವಾಟನ್ನು ಎಲ್ಲಿಡಬೇಕೆಂಬುದು ಈ ಶಾಸ್ತ್ರದ ಮುಖ್ಯ ಪ್ರಮೇಯ. ಇದಕ್ಕೆ ಪೂರ್ವಪಕ್ಷ: ನಿರಂತರ ವಾಟು ಬೇರೆ, ಮೃದಂಗದ ಒಂದು ಪೆಟ್ಟಿನ ವಾಟು ಬೇರೆ, ಆ ಪೆಟ್ಟಿಗೆ ಜಾಗ ಬಿಡಬೇಡವೇ? ಬಿಡಬೇಕು, ಹತ್ತುಪಟ್ಟು ಬಿಡಿ. ನೂರುಪಟ್ಟು ಬಿಡಿ. ಆದರೂ ಒಂದು ವಾಟು ಮುಟ್ಟುವುದಿಲ್ಲ.

ಆಕ್ಷೇಪ ಇನ್ನೊಂದಿದೆ, ಅದು ಗಟ್ಟಿಯಾದದ್ದು. ಹಾರನ್ನು, ಮೀನಿನವನ ಕೂಗು, ಮೂಲೆಯ ಕ್ಲಬ್ಬಿನ ಕೇರಂ ಜಗಳ, ಇಷ್ಟರ ನಡುವೆ ಎಂಟು ಮಿಲಿವಾಟಿನ ಮೃದಂಗ ಕೇಳೀತೇ? 2011ರಲ್ಲಿ ಕೋಲ್ಕತ್ತದ ಟ್ರಾಫಿಕ್ ಸಿಗ್ನಲುಗಳಲ್ಲಿ ಸರಕಾರವೇ ರವೀಂದ್ರಸಂಗೀತ ಹಾಕಿಸತೊಡಗಿತು. ಹೊರಾಂಗಣ ಸ್ಪೀಕರನ್ನು ಎಲ್ಲಿಡಬಾರದೆಂದು ತಿಳಿಯಲು ಅದಕ್ಕಿಂತ ದೊಡ್ಡ ಪ್ರಯೋಗಶಾಲೆ ಇಲ್ಲ: ದೀಪ ಹಸಿರಾಗುತ್ತಲೇ ಗುರುದೇವರ ಪಲ್ಲವಿ ಮಿನಿಬಸ್ಸಿನ ಹಾರನ್ನಿನಲ್ಲಿ ಲೀನ. ಸಮಾಧಾನವೆಂದರೆ, ಸ್ಪೀಕರನ್ನು ದೊಡ್ಡದು ಮಾಡುವ ಬದಲು ಹತ್ತಿರ ಎಳೆದುಕೊಳ್ಳುವುದು. ಅರ್ಧ ಮೀಟರಿನಲ್ಲಿ ಕುಳಿತವನಿಗೆ ಎರಡು ಮೀಟರಿನವನಿಗಿಂತ 12 ಡೆಸಿಬೆಲ್ ಲಾಭ. ಆದ್ದರಿಂದ ಗೋಡೆಗೆ ದೊಡ್ಡದೊಂದನ್ನು ಮೊಳೆ ಹೊಡೆಯುವುದಕ್ಕಿಂತ, ಕುರ್ಚಿಯ ಪಕ್ಕಕ್ಕೆ ಒಂದೊಂದು ಸಣ್ಣದು, ಎರಡೂ ಮನೆಯ ಕಡೆಗೆ ಮುಖ ಮಾಡಿ. ಶಾಸ್ತ್ರಾರ್ಥ ಇಷ್ಟೇ.

ಒಂದು ಧರ್ಮಸಂಕಟ ಮಾತ್ರ ಬಗೆಹರಿಯದೆ ಉಳಿಯುತ್ತದೆ, ಅದು ಮಹಾಲಯ ಅಮಾವಾಸ್ಯೆಯದು. ಕಲ್ಕತ್ತೆಯ ಬಾನುಲಿ ಕೇಂದ್ರ 1927ರ ಆಗಸ್ಟ್ 26ರಂದು ಗಾರ್ಸ್ಟಿನ್ ಪ್ಲೇಸಿನ ಒಂದನೆಯ ನಂಬರಿನಲ್ಲಿ ಶುರುವಾಯಿತು. 1930ರ ದಶಕದ ಆರಂಭದಿಂದ ಅದು ಬಿತ್ತರಿಸುತ್ತಿರುವ ‘ಮಹಿಷಾಸುರಮರ್ದಿನಿ’ಗೆ ಬಾಣಿಕುಮಾರರ ಬರವಣಿಗೆ, ಪಂಕಜ್ ಮಲ್ಲಿಕರ ಸಂಗೀತ, ಬೀರೇಂದ್ರಕೃಷ್ಣ ಭದ್ರರ ಪಾರಾಯಣ. 1976ರಲ್ಲಿ ಭದ್ರರ ಬದಲು ಸಿನಿಮಾ ನಟ ಉತ್ತಮ್ ಕುಮಾರರನ್ನು ಕೂರಿಸಿ ಬೇರೆ ಕಾರ್ಯಕ್ರಮ ಮಾಡಿದರೆ ಜನ ರೊಚ್ಚಿಗೆದ್ದು, ಆಕಾಶವಾಣಿ ಷಷ್ಠಿಯ ದಿನ ಹಳೆಯದನ್ನೇ ಮರುಪ್ರಸಾರ ಮಾಡಬೇಕಾಯಿತು. ಮಹಿಷನ ಹೆಸರು ಹೊತ್ತ ಊರಿನಿಂದ ಬಂದವನು ಇದನ್ನು ಜಗಲಿಯಲ್ಲಿ ಕೇಳದಿದ್ದರೆ ಹೇಗೆ? ಆದರೆ ಪ್ರಸಾರ ಮಹಾಲಯದ ಬೆಳಗಿನ ಜಾವ ನಾಲ್ಕಕ್ಕೆ. ನಿಷೇಧ ಆರರವರೆಗೆ. ಹಬ್ಬಗಳಿಗೆಂದು ಸರಕಾರ ವರ್ಷದಲ್ಲಿ 15 ದಿನ ಕೊಡಬಹುದಾದ ವಿನಾಯಿತಿಯೂ ನಡುರಾತ್ರಿ ಹನ್ನೆರಡಕ್ಕೇ ಮುಗಿಯುತ್ತದೆ.

ನಾಲ್ಕು ಗಂಟೆ. ಕತ್ತಲು. ಅಧಿಕಾರಿ ಜಗಲಿಗೆ ಬಂದು ಕೂರುತ್ತಾನೆ, ಫೋನಿನಲ್ಲಿ ಆ್ಯಪ್ ತೆರೆದು ಸ್ಪೀಕರನ್ನು ಎಂಟು ಮಿಲಿವಾಟಿನ ಅಂದಾಜಿಗೆ ಇಳಿಸುತ್ತಾನೆ. ಶಂಖ ಮೊಳಗುತ್ತದೆ, ಆದರೆ ಎದುರುಮನೆಯಿಂದ. ಮಾಶಿಮಾರ ಕಿಟಕಿಯಲ್ಲಿ ಹಳೆಯ ಫಿಲಿಪ್ಸ್ ರೇಡಿಯೋ. ಅದರ ಆಚೆಯ ಮನೆಯಲ್ಲಿ ಇನ್ನೊಂದು, ಮೇಲಿನ ಮಹಡಿಯಲ್ಲಿ ಮತ್ತೊಂದು. ಒಂದೊಂದೂ ಮೆಲ್ಲಗೆ, ಆದರೆ ಹತ್ತು ಸೇರಿದರೆ ಹತ್ತು ಡೆಸಿಬೆಲ್ ಹೆಚ್ಚು, ನೂರು ಸೇರಿದರೆ ಇಪ್ಪತ್ತು, ಗಲ್ಲಿ ತುಂಬುತ್ತದೆ. ಇಂಟರ್ನೆಟ್ಟಿನಲ್ಲಿ ಸುತ್ತಿ ಬರುವ ಜಗಲಿಯ ಸ್ಪೀಕರು ಕೆಲವು ಸೆಕೆಂಡು ಹಿಂದೆ. ರೇಡಿಯೋದ ಭದ್ರರು ಒಂದು ಸಾಲು ಹೇಳಿ ನಿಲ್ಲಿಸುತ್ತಾರೆ, ಸ್ಪೀಕರಿನ ಭದ್ರರು ಸಂಥೆ ಹೇಳಿಸಿಕೊಳ್ಳುವ ವಟುವಿನಂತೆ ಅದನ್ನೇ ಒಪ್ಪಿಸುತ್ತಾರೆ. ಮಾಶಿಮಾ ಕಿಟಕಿಯಿಂದ ಬಗ್ಗಿ ಎರಡು ಕ್ಷಣ ನೋಡಿ, ತಮ್ಮ ರೇಡಿಯೋವನ್ನು ಜಗಲಿಯ ಕಡೆಗೆ ತಿರುಗಿಸಿ ಇಡುತ್ತಾರೆ. ಅಧಿಕಾರಿ ತನ್ನದನ್ನು ಆರಿಸುತ್ತಾನೆ. ಐಪಿ 65ರ ಆ ಪೆಟ್ಟಿಗೆಯ ಮೇಲ್ಭಾಗ ಸಪಾಟಾಗಿದೆ, ಕಾಫಿಯ ಲೋಟ ಅಲುಗದೆ ನಿಲ್ಲುತ್ತದೆ.