ಸಿಟ್ಟಿಗೊಂದು ಆಸನ

ಮೈಸೂರಿನ ಗೋಕುಲಂನಲ್ಲಿ ಮನೆ ಅಂದರೆ ಸಾಕು, ಪರಊರಿನ ನೆಂಟರು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ದೃಷ್ಟಿ ಹೊಟ್ಟೆಯ ಹತ್ತಿರ ಸ್ವಲ್ಪ ತಂಗುತ್ತದೆ. ಅವರದೇನೂ ತಪ್ಪಿಲ್ಲ. 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಅರಸು ಹುಡುಗರಿಗೆ ಯೋಗ ಹೇಳಿಕೊಟ್ಟ ಊರು ಇದು. ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರುಮಾಡಿದ ಶಾಲೆ ಮುಂದೆ ನಮ್ಮ ಬಡಾವಣೆಗೇ ಬಂತು. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದವರು ಬೆಳಗಿನ ಜಾವದ ಅಭ್ಯಾಸ ಮುಗಿಸಿ, ಚಾಪೆಯನ್ನು ಬಗಲಿಗಿಟ್ಟುಕೊಂಡು ಎಳನೀರು ಕುಡಿಯುವ ಹೊತ್ತಿಗೆ ನಾನು ಹಾಲಿನ ಪ್ಯಾಕೆಟ್ಟಿಗಾಗಿ ಬಗ್ಗಿ 'ಅಮ್ಮಾ' ಅನ್ನುತ್ತಿದ್ದೆ.

ಆದರೂ ನನ್ನನ್ನು ಯೋಗಕ್ಕೆ ತಳ್ಳಿದ್ದು ಬೆನ್ನಲ್ಲ, ನಾಲಿಗೆ. ಆಟೋದವನು, ಗ್ಯಾಸ್ ತರುವವನು, ಟಿವಿಯಲ್ಲಿ ಸುದ್ದಿ ಓದುವವನು, ಯಾರು ಸಿಕ್ಕರೂ ನಾನು ಹರಿಹಾಯುವುದನ್ನು ನೋಡಿ ನೋಡಿ ಸಾಕಾದ ನನ್ನವಳು, ಪಾರ್ಕಿನಲ್ಲಿ ಪುಕ್ಕಟೆ ಹೇಳಿಕೊಡುವ ನಿವೃತ್ತ ಮೇಷ್ಟ್ರ ಹತ್ತಿರ ಹೋಗಿ, 'ಸಿಟ್ಟಿಗೇನಾದ್ರೂ ಆಸನ ಇದ್ಯಾ ಮೇಷ್ಟ್ರೇ?' ಎಂದು ಕೇಳಿದಳಂತೆ. 'ಕಳಿಸಿ ಕೊಡೀಮ್ಮ, ನೋಡೋಣ' ಅಂದರಂತೆ ಅವರು.

ಮೊದಲು ವೃಕ್ಷಾಸನ. ಒಂಟಿಕಾಲಲ್ಲಿ ನಿಂತು ಎದುರಿಗಿರುವ ಏನನ್ನಾದರೂ ಎವೆಯಿಕ್ಕದೆ ನೋಡಬೇಕು. ನನ್ನ ಪಾಲಿಗೆ ಸಿಕ್ಕಿದ್ದು 'ಇಲ್ಲಿ ಕಸ ಹಾಕಬಾರದು' ಎಂಬ ಬೋರ್ಡಿನ 'ಕ'. ಬಣ್ಣ ಎದ್ದು, ಕೆಳಗಿನ ಸುರುಳಿಯಲ್ಲಿ ತುಕ್ಕು ಹಿಡಿದ ಕ. ಅದನ್ನೇ ದಿಟ್ಟಿಸಿಕೊಂಡಿರುವಷ್ಟು ಹೊತ್ತು ಕಾಲು ನಿಲ್ಲುತ್ತದೆ. ಮನೆ ಕಂದಾಯ ಕಟ್ಟಿದೆನೋ ಇಲ್ಲವೋ ಎಂಬ ಯೋಚನೆ ಹಾಯಿತೋ, ವೃಕ್ಷ ಬುಡಸಮೇತ ಪಕ್ಕದವರ ಮೇಲೆ. ಅಂದರೆ ಒಂಟಿಕಾಲಲ್ಲಿ ನಿಂತವನಿಗೆ ಚಿಂತೆ ಮಾಡುವ ಅನುಕೂಲವೇ ಇಲ್ಲ. ನನ್ನಂಥವನಿಗೆ ಇದು ಸಣ್ಣ ಬಿಡುವಲ್ಲ.

ಕಷ್ಟವೆಂದರೆ ಶವಾಸನ. ಮಲಗಿದ ಕೂಡಲೇ ತಲೆಯೊಳಗೆ ಮದುವೆಮನೆಯ ಅಡುಗೆ ಶಾಲೆ ಏಳುತ್ತದೆ: ಒಬ್ಬ ಸೌಟು ಕೇಳುತ್ತಾನೆ, ಇನ್ನೊಬ್ಬ ಹತ್ತು ವರ್ಷದ ಹಿಂದೆ ಭಾವಮೈದ ಆಡಿದ ಮಾತು ಬಡಿಸುತ್ತಾನೆ. ಯೋಗಕ್ಕೆ ಅಡ್ಡಬರುವ ಒಂಬತ್ತು ವಿಘ್ನಗಳನ್ನು ಪತಂಜಲಿಗಳು ಪಟ್ಟಿ ಮಾಡಿದ್ದಾರೆ. ರೋಗ, ಸಂಶಯ, ಆಲಸ್ಯ ಎಲ್ಲ ಅದರಲ್ಲಿವೆ. ಅವುಗಳ ಬೆನ್ನಿಗೆ ಬರುವ ದುಃಖ, ಮನಸ್ಸಿನ ಕುಗ್ಗು, ಮೈನಡುಕ, ಏರುಪೇರಾದ ಉಸಿರು, ಇವೂ ಇವೆ. ನನ್ನನ್ನು ನೋಡದೆ ಇಷ್ಟೆಲ್ಲ ಹೇಗೆ ಬರೆದರೋ!

ಉಸಿರಿನ ಗುಟ್ಟನ್ನು ಬಿಡಿಸಿ ಹೇಳಿದ್ದು ಎದುರುಮನೆ ಡಾಕ್ಟರು. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸ ಅದು. ನಿಧಾನವಾಗಿ, ಉದ್ದಕ್ಕೆ ಉಸಿರು ಬಿಟ್ಟರೆ ಮೈಯೇ ಮನಸ್ಸಿಗೆ 'ಗಾಬರಿಯಿಲ್ಲ, ಕೂತ್ಕೊ' ಎಂದು ಹೇಳಿಕಳಿಸುತ್ತದೆ. ಭ್ರಾಮರಿಯಲ್ಲಿ ಕಿವಿ ಮುಚ್ಚಿಕೊಂಡು ಗುಂಯ್ ಅನ್ನುವುದೂ ಕಡೆಗೆ ಉದ್ದನೆಯ ನಿಶ್ವಾಸವೇ. ಪಾರ್ಕಿನ ನಾಯಿಯೂ ನಮ್ಮೊಂದಿಗೆ ದನಿಗೂಡಿಸುತ್ತದೆ, ನಮಗಿಂತ ಶ್ರುತಿಬದ್ಧ. ಹಾಗೆಂದು ಮಾತ್ರೆ ಬಿಸಾಕಿ ಪದ್ಮಾಸನ ಹಾಕು ಅನ್ನುವವರ ಮಾತಿಗೆ ನಾನು ಕಿವಿಗೊಡುವವನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಯೋಗ ಹೇಳಿಕೊಡುತ್ತಾರೆ, ಔಷಧಿಯ ಜೊತೆಗೆ.

ನಾನೇನು ಶಾಂತಮೂರ್ತಿಯಾಗಿಲ್ಲ. ಸಿಟ್ಟು ಬರುವ ವೇಳೆಗೆ ಬಂದೇ ಬರುತ್ತದೆ. ಅದಕ್ಕೂ ನಾಲಿಗೆಗೂ ನಡುವೆ ಈಗ ಒಂದು ಉಸಿರಿನಷ್ಟು ಜಾಗ ಬಿದ್ದಿದೆ, ಅಷ್ಟೇ. ಮೊನ್ನೆ ಯಾರೋ ನಮ್ಮ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿದ್ದರು. ಬಾಯಿ ತೆರೆದೆ. ಅಭ್ಯಾಸಬಲ, ಮಾತಿಗೆ ಮೊದಲು ಉಸಿರು ಹೊರಟಿತು, ಉದ್ದಕ್ಕೆ. ಅದು ಮುಗಿಯುವಷ್ಟರಲ್ಲಿ ಹುಡುಗನೊಬ್ಬ ಓಡಿಬಂದು, 'ಸಾರಿ ಅಂಕಲ್, ಅಜ್ಜಿಗೆ ಔಷಧಿ ತರೋಕೆ ಹೋಗಿದ್ದೆ' ಎಂದು ಗಾಡಿ ತೆಗೆದ. ಬೈಗುಳ ಬಾಯಲ್ಲೇ ಉಳಿಯಿತು. ಒಳ್ಳೆಯ ಬೈಗುಳ, ಪ್ರಾಸವೂ ಕೂಡಿತ್ತು. ಒಳಗೆ ಹೋದಾಗ ನನ್ನವಳು ಹಣೆ ಮುಟ್ಟಿ ನೋಡಿದಳು. 'ಯಾಕ್ರೀ, ಮೈ ಹುಷಾರಿಲ್ವಾ?'