ರಸೀದಿಯಿಲ್ಲದ ಕಡಲು: ಫ್ಯಾಷನ್ ಚಿತ್ರತಂಡಗಳಿಗೆ ಒಂದು ಬಹಿರಂಗ ಪತ್ರ

ನಿರ್ದೇಶಕರು, ಛಾಯಾಗ್ರಾಹಕರು, ವಸ್ತ್ರವಿನ್ಯಾಸಕರು ಹಾಗೂ ಈ ಮೂರೂ ಹುದ್ದೆಗಳನ್ನು ಒಬ್ಬರೇ ಅಲಂಕರಿಸಿರುವ ಅಂತಿಮ ವರ್ಷದ ಮಾನ್ಯ ವಿದ್ಯಾರ್ಥಿಗಳ ಸನ್ನಿಧಿಗೆ,

ಮಳೆಗಾಲ ಮುಗಿದು ಆಕಾಶ ತಿಳಿಯಾದೊಡನೆ ಮಲ್ಪೆ, ಕಾಪು, ಸೋಮೇಶ್ವರ, ಗೋಕರ್ಣಗಳ ಮರಳಿನ ಮೇಲೆ ಬಂದಿಳಿಯುವ ವಿದ್ಯಾರ್ಥಿ ಚಿತ್ರತಂಡಗಳು ಅರ್ಥಶಾಸ್ತ್ರಕ್ಕೆ ಸಲ್ಲಿಸಿರುವ ಕೊಡುಗೆ ಯಾವ ಗ್ರಂಥದಲ್ಲೂ ಸಮರ್ಪಕವಾಗಿ ದಾಖಲಾಗಿಲ್ಲವಾದ್ದರಿಂದ, ಆ ಕೊರತೆಯನ್ನು ಅಲ್ಪಮಟ್ಟಿಗಾದರೂ ನೀಗಿಸುವ ಉದ್ದೇಶದಿಂದ ಈ ಪತ್ರವನ್ನು ಸಿದ್ಧಪಡಿಸಲಾಗಿದೆ. ಆ ಕೊಡುಗೆಯ ಸಾರ ಇಷ್ಟು: ಯಾವುದಕ್ಕೆ ರಸೀದಿ ಇಲ್ಲವೋ ಅದಕ್ಕೆ ಬೆಲೆಯೂ ಇಲ್ಲ. ಸ್ಟುಡಿಯೋದ ಬಾಡಿಗೆಗೆ ರಸೀದಿ ಇದೆ, ದೀಪಗಳ ಬಾಡಿಗೆಗೆ ಇದೆ, ಕೂದಲು ಹಾರಿಸುವ ದೊಡ್ಡ ಫ್ಯಾನಿಗೂ ಇದೆ. ಸೂರ್ಯ, ಸಮುದ್ರ, ಗಾಳಿ ಮತ್ತು ಸಹಪಾಠಿ ಎಂಬ ನಾಲ್ಕಕ್ಕೆ ಮಾತ್ರ ಇಲ್ಲ. ಆದಕಾರಣ ಈ ನಾಲ್ಕನ್ನು ಒಂದೆಡೆ ಸೇರಿಸಿ ತೆಗೆದ ಚಿತ್ರವನ್ನು ಕಡಿಮೆ ಬಜೆಟ್ಟಿನ ಚಿತ್ರವೆಂದು ಯೋಜನಾ ವರದಿಯ ಮೊದಲ ಪುಟದಲ್ಲೇ ಹೆಮ್ಮೆಯಿಂದ ನಮೂದಿಸಲಾಗುತ್ತದೆ.

ಫ್ಯಾಷನ್ ಫಿಲ್ಮ್ ಎಂದರೆ ಕಥೆಯ ಬದಲು ಉಡುಪನ್ನೇ ನಾಯಕನ ಸ್ಥಾನದಲ್ಲಿ ಕೂರಿಸಿದ, ಸಾಮಾನ್ಯವಾಗಿ ಕೆಲವೇ ನಿಮಿಷಗಳ ಕಿರುಚಿತ್ರ. ಬ್ರಿಟಿಷ್ ಛಾಯಾಗ್ರಾಹಕ ನಿಕ್ ನೈಟ್ 2000ರಲ್ಲಿ ಶೋಸ್ಟುಡಿಯೋ ಎಂಬ ವೇದಿಕೆಯನ್ನು ಆರಂಭಿಸಿ ಈ ಪ್ರಕಾರಕ್ಕೆ ಪ್ರತ್ಯೇಕ ನೆಲೆ ಒದಗಿಸಿದರು. ನಾಲ್ಕು ವರ್ಷಗಳ ನಂತರ ನಿರ್ದೇಶಕ ಬಾಜ್ ಲುಹ್ರ್‌ಮನ್, ನಟಿ ನಿಕೋಲ್ ಕಿಡ್‌ಮನ್ ಅವರನ್ನು ನಾಯಕಿಯಾಗಿಟ್ಟು ಶನೆಲ್ ಸುಗಂಧದ್ರವ್ಯಕ್ಕಾಗಿ ತೆಗೆದ ಜಾಹೀರಾತು, ಹಣವನ್ನು ನೀರಿನಂತೆ ಖರ್ಚು ಮಾಡಿದರೆ ಏನೆಲ್ಲ ಸಾಧ್ಯ ಎಂಬುದನ್ನು ಜಗತ್ತಿಗೆ ತೋರಿಸಿತು. ಆ ಚಿತ್ರದ ಹಣ ಮಾನ್ಯ ತಂಡದವರ ಬಳಿ ಇಲ್ಲವಾದರೂ ಅದರ ನಿಧಾನಗತಿ ಇದೆ. ಬಟ್ಟೆ ಹಾರಬೇಕು, ಕೂದಲು ಹಾರಬೇಕು, ನಾಯಕಿ ಯಾರನ್ನೋ ನೆನೆದವಳಂತೆ ದಿಗಂತವನ್ನು ನೋಡಬೇಕು, ಹಿನ್ನೆಲೆಯಲ್ಲಿ ಸೂರ್ಯ ಮುಳುಗಬೇಕು. ಚಿತ್ರಕಥೆ ಎಂಬುದು ಇಲ್ಲಿಗೆ ಮುಗಿಯುವುದರಿಂದ ಇನ್ನು ಮುಂದೆ ಭೌತಶಾಸ್ತ್ರ ಆರಂಭವಾಗುತ್ತದೆ.

ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಎತ್ತರಕ್ಕೆ ಬಂದಾಗಿನಿಂದ ಮುಳುಗುವವರೆಗೆ ಸಿಗುವ, ನೆರಳನ್ನು ಉದ್ದಕ್ಕೆ ಚಾಚುವ ಹೊಂಬಣ್ಣದ ಮೃದು ಬೆಳಕನ್ನು ಛಾಯಾಗ್ರಾಹಕರು ಗೋಲ್ಡನ್ ಅವರ್ ಎಂದು ಕರೆಯುತ್ತಾರೆ. ಹೆಸರಿನಲ್ಲೇ ಒಂದು ಗಂಟೆ ಇರುವುದರಿಂದ ಕಾಲ್‌ಶೀಟಿನಲ್ಲಿಯೂ, ಅಂದರೆ ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕೆಂದು ತಿಳಿಸುವ ದಿನದ ಪಟ್ಟಿಯಲ್ಲಿಯೂ, ಒಂದು ಗಂಟೆಯನ್ನೇ ಮೀಸಲಿಡುವುದು ವಾಡಿಕೆ. ಆದರೆ ಮಲ್ಪೆ ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರದೆ, ಬಾವಿಗೆ ಬಿಟ್ಟ ಕೊಡದಂತೆ ಹೆಚ್ಚುಕಡಿಮೆ ನೇರವಾಗಿ, ಗಂಟೆಗೆ ಸುಮಾರು 15 ಡಿಗ್ರಿಯ ವೇಗದಲ್ಲಿ ಇಳಿಯುತ್ತಾನೆ. ಆ ಲೆಕ್ಕದಲ್ಲಿ 6 ಡಿಗ್ರಿ ಮುಗಿಯಲು ಬೇಕಾಗುವುದು ಸುಮಾರು 25 ನಿಮಿಷ. ಇದೇ ಇಳಿತಕ್ಕೆ ಹಗಲಿರುಳು ಸಮನಾಗಿರುವ ದಿನಗಳಲ್ಲಿ ಲಂಡನ್ನಿನ ಸೂರ್ಯ ಸುಮಾರು 40 ನಿಮಿಷ ತೆಗೆದುಕೊಳ್ಳುತ್ತಾನೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಉತ್ತರದ ದೇಶಗಳಲ್ಲಿ ತಯಾರಾದ ಪಾಠದ ವಿಡಿಯೋಗಳನ್ನು ನೋಡಿ ಕಲಿತವರು ಅಲ್ಲಿಯ ಸಾವಧಾನವನ್ನೂ ಜೊತೆಗೆ ಕಲಿತಿರುವುದು ಸಹಜ. ಐದು ಉಡುಪುಗಳ ಸಂಗ್ರಹವನ್ನು ಈ ಅವಧಿಯೊಳಗೆ, ಪ್ರತಿಯೊಂದಕ್ಕೂ ಪಿನ್ನು ಚುಚ್ಚಿ, ನೆರಿಗೆ ತಿದ್ದಿ, ತುಟಿಯ ಬಣ್ಣ ಬದಲಿಸಿ ಚಿತ್ರೀಕರಿಸಲು ಹೊರಟಾಗ ಮೊದಲ ಉಡುಪಿಗೆ ಹೊಂಬಣ್ಣ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ಕಡುನೀಲಿ, ಉಳಿದೆರಡಕ್ಕೆ ಮೊಬೈಲಿನ ಟಾರ್ಚು ದೊರೆಯುತ್ತದೆ. ತೀರ್ಪುಗಾರರ ಮುಂದೆ ಇದನ್ನು ವರ್ಣಗಳ ಕ್ರಮಿಕ ವಿಲಯನವೆಂದು ವಿವರಿಸುವ ಸಂಪ್ರದಾಯ ಈಗಾಗಲೇ ಬೇರೂರಿದೆ.

ಗಾಳಿಯ ನಡವಳಿಕೆ ಸೂರ್ಯನದಕ್ಕಿಂತಲೂ ಅವಿಧೇಯವಾದುದು. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುವುದರಿಂದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿ, ಅದರ ಜಾಗವನ್ನು ತುಂಬಲು ಸಮುದ್ರದ ಕಡೆಯಿಂದ ತಂಪಾದ ಗಾಳಿ ಬೀಸುತ್ತದೆ. ಕಡಲ ಗಾಳಿ ಎಂದು ಶಾಲಾ ಪುಸ್ತಕದಲ್ಲಿ ಓದಿದ ಇದು ಮಧ್ಯಾಹ್ನದ ನಂತರ ಬಿರುಸಾಗಿರುತ್ತದೆ, ರಾತ್ರಿ ದಿಕ್ಕು ಬದಲಿಸಿ ನೆಲದಿಂದ ಕಡಲಿನ ಕಡೆಗೆ ಹರಿಯುತ್ತದೆ. ಕರ್ನಾಟಕದ ಕಡಲು ಪಶ್ಚಿಮಕ್ಕಿದೆ, ಸಂಜೆಯ ಸೂರ್ಯನೂ ಅಲ್ಲೇ ಇದ್ದಾನೆ, ಸಂಜೆಯ ಗಾಳಿಯೂ ಅಲ್ಲಿಂದಲೇ ಬರುತ್ತದೆ. ನಾಯಕಿಯನ್ನು ಸೂರ್ಯಾಸ್ತಕ್ಕೆ ಬೆನ್ನು ಮಾಡಿಸಿ ಕ್ಯಾಮೆರಾದ ಕಡೆಗೆ ನಿಲ್ಲಿಸಿದೊಡನೆ ಮೂರು ಸಂಗತಿಗಳು ಏಕಕಾಲಕ್ಕೆ ಘಟಿಸುತ್ತವೆ: ಕೂದಲು ಹಿಂದಿನಿಂದ ಬಂದು ಮುಖವನ್ನು ಮುಚ್ಚುತ್ತದೆ, ದುಪಟ್ಟಾ ನೇರವಾಗಿ ಲೆನ್ಸಿಗೆ ಬಂದು ಸುತ್ತಿಕೊಳ್ಳುತ್ತದೆ, ಮುಖದ ಮೇಲೆ ಬೆಳಕಿಲ್ಲದ ಕಾರಣ ಮುಚ್ಚಿದ್ದು ಯಾರ ಮುಖವೆಂಬುದೂ ತಿಳಿಯುವುದಿಲ್ಲ. ಅವಳನ್ನು ಕಡಲಿನ ಕಡೆಗೆ ತಿರುಗಿಸಿದರೆ ಮುಖಕ್ಕೆ ಬೆಳಕು ಬಂದು ಕೂದಲೂ ಹಿಂದಕ್ಕೆ ಹಾರುತ್ತದೆ. ಆದರೆ ಆಗ ಹಿನ್ನೆಲೆಯಲ್ಲಿ ಅರಬ್ಬೀ ಸಮುದ್ರದ ಬದಲು ನಿಲ್ಲಿಸಿದ ಟೆಂಪೋಗಳು, ಚುರುಮುರಿ ಗಾಡಿ ಮತ್ತು ಗೋಬಿ ಮಂಚೂರಿಯ ಫಲಕ ಕಾಣಿಸುತ್ತವೆ.

ಬೆಳಗಿನ ಹೊತ್ತು ಈ ಎಲ್ಲ ಲೆಕ್ಕ ತಿರುಗಿ ಬೀಳುತ್ತದೆ. ಸೂರ್ಯ ತೆಂಗಿನ ತೋಟಗಳ ಹಿಂದಿನಿಂದ ಏಳುವುದರಿಂದ ಬೆಳಕು ನೆಲದ ಕಡೆಯಿಂದ ಬಂದು ಕಡಲಿಗೆ ಬೆನ್ನು ಮಾಡಿ ನಿಂತವಳ ಮುಖದ ಮೇಲೆ ಬೀಳುತ್ತದೆ, ಹಗುರವಾದ ನೆಲಗಾಳಿ ಎದುರಿನಿಂದ ಬೀಸಿ ಕೂದಲನ್ನು ಹಿಂದಕ್ಕೆ ಸರಿಸುತ್ತದೆ, ಮರಳಿನ ಮೇಲೆ ಜನರ ಹೆಜ್ಜೆಗಳೂ ವಿರಳ. ಫ್ಯಾಷನ್ ಚಿತ್ರಕ್ಕೆ ಬೇಕಾದ ಸಕಲವೂ ಪುಕ್ಕಟೆಯಾಗಿ ದೊರೆಯುವ ಏಕೈಕ ಸಮಯ ಇದಾಗಿದ್ದು, ಈ ಸಮಯದಲ್ಲಿ ತಂಡದವರು ಲಾಡ್ಜಿನಲ್ಲಿ ಗಾಢ ನಿದ್ರೆಯಲ್ಲಿರುತ್ತಾರೆ ಎಂಬುದನ್ನು ವಿಷಾದದಿಂದ ದಾಖಲಿಸಬೇಕಾಗಿದೆ.

ಇನ್ನು ಉಬ್ಬರವಿಳಿತ. ಮಾನ್ಯ ತಂಡದವರು ಚಿತ್ರೀಕರಣಕ್ಕೆ ಒಂದು ವಾರ ಮೊದಲು, ಭಾನುವಾರ ಸಂಜೆ ನಾಲ್ಕಕ್ಕೆ ಸ್ಥಳ ನೋಡಲು ಬಂದು, ಉದ್ದಗಲಕ್ಕೂ ಹರಡಿದ ಒದ್ದೆ ಮರಳಿನ ಕನ್ನಡಿಯನ್ನು ಕಂಡು ಮೈಮರೆತು, ಅಲ್ಲೇ ಕಡ್ಡಿಯಿಂದ ಗೆರೆ ಎಳೆದು ಕ್ಯಾಮೆರಾದ ಸ್ಥಾನ ನಿಗದಿಪಡಿಸಿ ಹೋಗುವುದು ಶ್ಲಾಘನೀಯ. ಈ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತಗಳಿದ್ದು, ಚಂದ್ರನ ಚಲನೆಯ ಕಾರಣದಿಂದ ಅವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಏಳು ದಿನಕ್ಕೆ ಅದು ಆರು ಗಂಟೆಯ ಸಮೀಪಕ್ಕೆ ಬರುತ್ತದೆ. ಇಳಿತದಿಂದ ಉಬ್ಬರಕ್ಕೆ ಇರುವ ಅಂತರವೂ ಸರಿಸುಮಾರು ಅಷ್ಟೇ. ಆದ್ದರಿಂದ ಒಂದು ವಾರದ ಹಿಂದೆ ಕಡಲು ಅತ್ಯಂತ ಹಿಂದೆ ಸರಿದಿದ್ದ ಅದೇ ಗಳಿಗೆಯಲ್ಲಿ, ಚಿತ್ರೀಕರಣದ ದಿನ ಅದು ಅತ್ಯಂತ ಮುಂದೆ ಬಂದು ಟ್ರೈಪಾಡಿನ ಕಾಲುಗಳನ್ನು ತೊಳೆಯುತ್ತಿರುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಉಬ್ಬರವಿಳಿತದ ಕೋಷ್ಟಕಗಳನ್ನು ಪ್ರತಿವರ್ಷ ಮುಂಚಿತವಾಗಿಯೇ ಪ್ರಕಟಿಸುತ್ತದೆ. ಚಿತ್ರತಂಡದ ಪ್ರೇರಣಾಫಲಕದ ಮೇಲೆ ಇಟಲಿಯ ಕಡಲತೀರಗಳ ಚಿತ್ರಗಳಿಗೆ ಜಾಗವಿದ್ದೂ ಈ ಕೋಷ್ಟಕದ ಒಂದು ಸಾಲಿಗೆ ಜಾಗ ಸಿಕ್ಕ ನಿದರ್ಶನ ಅಪರೂಪ.

ಕೋಷ್ಟಕದಂತೆಯೇ ಹೊರಗುಳಿಯುವ ಇನ್ನೊಂದು ವಸ್ತು ಎನ್‌ಡಿ ಫಿಲ್ಟರ್, ಅಂದರೆ ಬೆಳಕನ್ನು ತಗ್ಗಿಸಲು ಲೆನ್ಸಿನ ಮುಂದೆ ತೊಡಿಸುವ ಕಪ್ಪು ಗಾಜು. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರಕ್ಕೆ ಶಟರ್ ವೇಗವನ್ನು ಸೆಕೆಂಡಿನ ಸುಮಾರು 50ನೆಯ ಒಂದು ಭಾಗಕ್ಕೆ ಇಟ್ಟರೆ ಚಲನೆ ಸಹಜವಾಗಿ ಕಾಣುತ್ತದೆಂಬುದು ಹಳೆಯ ಪಾಠ. ನಡುಹಗಲ ಬಿಸಿಲಲ್ಲಿ ಹಾಗಿಟ್ಟು, ಜೊತೆಗೆ ಹಿನ್ನೆಲೆಯನ್ನೂ ಮಸುಕಾಗಿಸಬೇಕಾದರೆ ಕೆಲವು ಕ್ಯಾಮೆರಾಗಳಲ್ಲಿ ಬೆಳಕನ್ನು 500 ಪಟ್ಟಿನಷ್ಟು ತಗ್ಗಿಸಬೇಕಾಗುತ್ತದೆ. ಈ ಗಾಜಿಗೆ ರಸೀದಿ ಇರುವುದರಿಂದ ತಂಡದವರು ಅದನ್ನು ಕೈಬಿಟ್ಟು ಲೆನ್ಸಿನ ಕಣ್ಣನ್ನೇ ಕಿರಿದಾಗಿಸುತ್ತಾರೆ. ಫಲಿತಾಂಶವಾಗಿ ನಾಯಕಿಯಷ್ಟೇ ಸ್ಪಷ್ಟವಾಗಿ ಅವಳ ಹಿಂದೆ ಒಂಟೆ ಸವಾರಿ ಮಾಡುತ್ತಿರುವ ಕುಟುಂಬವೂ ಮೂಡುತ್ತದೆ, ಅನೇಕ ಸಂದರ್ಭಗಳಲ್ಲಿ ಅಭಿನಯವೂ ಆ ಕುಟುಂಬದ್ದೇ ಮೇಲು.

ಚಿತ್ರದ ವಸ್ತುವಿಗೆ ಸಂಬಂಧಿಸಿದಂತೆಯೂ ಒಂದು ಮಾತು ಅಗತ್ಯ. ಈಚಿನ ವರ್ಷಗಳಲ್ಲಿ ಇಂತಹ ಚಿತ್ರಗಳ ಬಹುಮೆಚ್ಚಿನ ವಿಷಯ ಸುಸ್ಥಿರತೆ, ಅಂದರೆ ಪ್ರಕೃತಿಗೆ ಹೊರೆಯಾಗದಂತೆ ಬಟ್ಟೆಯನ್ನು ತಯಾರಿಸಿ ಬಳಸುವ ತತ್ತ್ವ. ಕಡಲು ತಾಯಿ ಎಂದು ಸಾರುವ ಈ ಚಿತ್ರಗಳ ಉಡುಪು ಬಹುತೇಕ ಪಾಲಿಯೆಸ್ಟರ್ ಶಿಫಾನಿನದು, ಕಾರಣ ಅದು ಅಗ್ಗ, ಜೊತೆಗೆ ಚೆನ್ನಾಗಿ ಹಾರುತ್ತದೆ. ಸಮೀಪದಲ್ಲೇ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಉಡುಪಿ ಸೀರೆಯನ್ನು ಕೈಮಗ್ಗದಲ್ಲಿ ನೇಯುವ ಕೆಲವೇ ನೇಕಾರರು ಉಳಿದಿದ್ದಾರೆ. ಆದರೆ ಹತ್ತಿಯ ಸೀರೆ ಅಷ್ಟೊಂದು ಹಾರುವುದಿಲ್ಲವಾದ್ದರಿಂದ ಅದಕ್ಕೆ ಸುಸ್ಥಿರತೆಯ ಚಿತ್ರದಲ್ಲಿ ಪಾತ್ರವಿಲ್ಲ. ನೆರಳಿಗೆ ಬೆಳಕು ತುಂಬಲು ತಂದ ಥರ್ಮಾಕೋಲ್ ಹಾಳೆಯ ಕತೆಯೂ ಇಲ್ಲಿಗೇ ಸೇರುತ್ತದೆ. ಭಾರತೀಯ ಚಿತ್ರರಂಗದಲ್ಲಿ ಬೆಳಕನ್ನು ಪ್ರತಿಫಲಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಈ ಬಿಳಿ ಹಾಳೆ ಕಡಲ ಗಾಳಿಗೆ ಸಿಕ್ಕಿ ಹಿಡಿದವನ ಕೈಯಿಂದ ಹಾರಿ, ಮುರಿದು, ಕಾಳುಕಾಳಾಗಿ ಮರಳಿನಲ್ಲಿ ಬೆರೆತ ಮೇಲೆ ಅದನ್ನು ಹೆಕ್ಕುವ ಉಪಾಯ ಯಾರಿಗೂ ತಿಳಿಯದು. ಇದೇ ಕರಾವಳಿಯ ಪಡುಬಿದ್ರಿ ಮತ್ತು ಕಾಸರಕೋಡು ತೀರಗಳು ಸ್ವಚ್ಛತೆ, ನೀರಿನ ಗುಣಮಟ್ಟ ಮೊದಲಾದವುಗಳಿಗಾಗಿ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದವು. ತಾಯಿ ಎಂಬ ಪದವಿ ಆ ಕಡಲಿಗೆ ಬೇಕಿರಲಿಲ್ಲ, ಮಕ್ಕಳು ಥರ್ಮಾಕೋಲ್ ತರದಿದ್ದರೆ ಸಾಕಿತ್ತು.

ಡ್ರೋನಿನ ಬಗ್ಗೆ ವಿಸ್ತರಿಸುವುದು ಅನವಶ್ಯಕ. 2021ರ ಡ್ರೋನ್ ನಿಯಮಗಳು 250 ಗ್ರಾಂ ತೂಕದವರೆಗಿನ ಪುಟ್ಟ ಡ್ರೋನುಗಳ ಚಾಲಕರಿಗೆ ಪರವಾನಗಿಯಿಂದ ವಿನಾಯಿತಿ ನೀಡಿವೆ ಎಂಬ ಸಾಲನ್ನು ಎಲ್ಲರೂ ಓದಿದ್ದಾರೆ. ವಾಯುಪ್ರದೇಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದ ಭಾಗವನ್ನು, ಕಾರವಾರದ ಬಳಿ ನೌಕಾಪಡೆಯ ಬೃಹತ್ ನೆಲೆ ಇದ್ದರೂ, ಮುಂದಿನ ಸೆಮಿಸ್ಟರಿಗೆ ಬಿಡಲಾಗಿದೆ.

ಅತ್ಯಂತ ಗಂಭೀರವಾಗಿ ಪರಿಶೀಲಿಸಬೇಕಾದ ವಿಷಯ ದೋಣಿಯದು. ಮರಳಿನ ಮೇಲೆ ಎಳೆದಿಟ್ಟ ನಾಡದೋಣಿ, ಪಕ್ಕದಲ್ಲಿ ರಾಶಿ ಹಾಕಿದ ಬಲೆ, ಒಣಗಲು ಹರವಿದ ಮೀನು, ಇವು ಚಿತ್ರತಂಡದ ಕಣ್ಣಿಗೆ ದೇವರು ಒದಗಿಸಿದ ಪ್ರಾಪ್, ಅಂದರೆ ದೃಶ್ಯದಲ್ಲಿ ಬಳಸುವ ಸಲಕರಣೆ. ಕರಾವಳಿಯ ರಂಪಣಿ, ಅಂದರೆ ಊರಿನ ಜನರೆಲ್ಲ ದಡದಲ್ಲಿ ನಿಂತು ಕೂಡಿ ಎಳೆಯುತ್ತಿದ್ದ ಭಾರಿ ಬಲೆ, 1970ರ ದಶಕದಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು; ಅದರ ಕಿರಿಯ ರೂಪವಾದ ಕೈರಂಪಣಿ ಇನ್ನೂ ಅಲ್ಲಲ್ಲಿ ಉಳಿದಿದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಉಳಿದ ತಿಂಗಳುಗಳಲ್ಲೇ ವರ್ಷದ ದುಡಿಮೆ ನಡೆಯಬೇಕು, ಆ ತಿಂಗಳುಗಳೇ ಫ್ಯಾಷನ್ ಚಿತ್ರಗಳ ಋತುವೂ ಹೌದು. ಬಲೆಯ ಮೇಲೆ ಹೀಲ್ಸ್ ಚಪ್ಪಲಿಯಲ್ಲಿ ನಡೆದ ನಾಯಕಿಗೆ ಅದು ವಿನ್ಯಾಸದ ಮೇಲ್ಮೈ. ಹರಿದ ಕಣ್ಣುಗಳನ್ನು ಮತ್ತೆ ಹೆಣೆಯುವವನಿಗೆ ಅದು ಕಳೆದುಹೋದ ಅರ್ಧ ದಿನ. ಬಂಗುಡೆಯ ಬುಟ್ಟಿ ಹೊತ್ತು ಸಾಗುವ ಮಹಿಳೆಗೆ ಚೌಕಟ್ಟಿನಿಂದ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಲಾಗುತ್ತದೆ, ಮರುಕ್ಷಣವೇ ಅವಳ ಸೀರೆಯ ಕಚ್ಚೆ ಚೆನ್ನಾಗಿದೆಯೆಂದು ಗೊತ್ತಾಗಿ ಮತ್ತೆ ನಡುವೆ ಬರಲು ಹೇಳಲಾಗುತ್ತದೆ. ಅವಳ ಒಪ್ಪಿಗೆ, ಹೆಸರು, ಮೀನಿನ ಬೆಲೆ ಯಾವುದೂ ಕಾಲ್‌ಶೀಟಿನಲ್ಲಿಲ್ಲ. ಮಲ್ಪೆಯ ಬದುಕನ್ನೇ ಕಥೆಯ ಮೈಯಾಗಿಸಿಕೊಂಡ ‘ಉಳಿದವರು ಕಂಡಂತೆ’ ಚಲನಚಿತ್ರ 2014ರಲ್ಲಿ ತೆರೆಗೆ ಬಂದಿದ್ದು, ಅದನ್ನು ನೋಡಿದ ತಂಡಗಳು ಊರಿನಿಂದ ಭಾಷೆ, ಜನ ಎರಡನ್ನೂ ಬಿಟ್ಟು ದೋಣಿಯನ್ನು ಮಾತ್ರ ಎತ್ತಿಕೊಂಡಿವೆ.

ಸಹಪಾಠಿಯ ಲೆಕ್ಕ ಇನ್ನೂ ಬಾಕಿ ಇದೆ. ನಾಯಕಿ ಎಂದು ಈವರೆಗೆ ಗೌರವದಿಂದ ಉಲ್ಲೇಖಿಸಲ್ಪಟ್ಟವಳು ಅದೇ ತರಗತಿಯ ವಿದ್ಯಾರ್ಥಿನಿ. ಅವಳ ಸಂಭಾವನೆ ಒಂದು ಪ್ಲೇಟು ನೀರುದೋಸೆ ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಒಂದು ಟ್ಯಾಗು. ನಡುಹಗಲಲ್ಲಿ ಕಾದ ಮರಳಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವವಳು, ಕಾರಿನ ಎರಡು ಬಾಗಿಲುಗಳ ನಡುವೆ ಗೆಳತಿಯರು ಹಿಡಿದ ಬೆಡ್‌ಶೀಟಿನ ಮರೆಯಲ್ಲಿ ಉಡುಪು ಬದಲಿಸುವವಳು, ನೆನೆದು ಮೈಗಂಟಿ ಪಾರದರ್ಶಕವಾದ ಬಟ್ಟೆಯಲ್ಲಿ ಮೊಬೈಲು ಹಿಡಿದ ಅಪರಿಚಿತರ ಎದುರು ಇನ್ನೊಂದು ಟೇಕಿಗಾಗಿ ಕಾಯುವವಳು ಅವಳೇ. ನಿರ್ದೇಶಕರ ಟಿಪ್ಪಣಿಯಲ್ಲಿ ಈ ಸ್ಥಿತಿಗೆ ಸ್ತ್ರೀಯ ಬಿಡುಗಡೆ ಎಂಬ ಶೀರ್ಷಿಕೆ ಇರುತ್ತದೆ. ಹತ್ತಿರದ ಮನೆಯೊಂದರ ಕೋಣೆಯನ್ನು ಒಂದು ಹೊತ್ತಿಗೆ ಬಾಡಿಗೆಗೆ ಕೇಳಿದ್ದರೆ ಬಿಡುಗಡೆಯ ಜೊತೆಗೆ ಬಾಗಿಲಿನ ಚಿಲಕವೂ ಅವಳಿಗೆ ದೊರೆಯುತ್ತಿತ್ತು.

ಆದ್ದರಿಂದ ಕಡಿಮೆ ಬಜೆಟ್ಟಿನ ಚಿತ್ರದ ಖರ್ಚು ನಿಜಕ್ಕೂ ಕಡಿಮೆ ಇರುವುದಿಲ್ಲ, ಅದನ್ನು ಭರಿಸುವವರ ಹೆಸರು ಯೋಜನಾ ವರದಿಯಲ್ಲಿ ಇರುವುದಿಲ್ಲ, ಅಷ್ಟೇ. ಮುಂದಿನ ಚಿತ್ರೀಕರಣಕ್ಕೆ ಹೊರಡುವ ಮುನ್ನ ಮಾನ್ಯ ತಂಡದವರು ಉಬ್ಬರದ ಕೋಷ್ಟಕವನ್ನು ಒಮ್ಮೆ ನೋಡಬೇಕಾಗಿಯೂ, ಐದರ ಬದಲು ಎರಡು ಉಡುಪುಗಳನ್ನು ತಂದು ಬೆಳಗಿನ ಆರಕ್ಕೆ ಮರಳಿನ ಮೇಲೆ ಹಾಜರಿರಬೇಕಾಗಿಯೂ, ದೋಣಿಯನ್ನು ಮುಟ್ಟುವ ಮೊದಲು ಅದರ ಯಜಮಾನನನ್ನು ಕೇಳಿ ಅವನ ಅರ್ಧ ದಿನದ ದುಡಿಮೆಯನ್ನು ಕೈಯಲ್ಲಿಟ್ಟು ಅವನ ಹೆಸರನ್ನು ಚಿತ್ರದ ಕೊನೆಯಲ್ಲಿ, ನಿರ್ದೇಶಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಲ್ಲದಿದ್ದರೂ ಓದಲು ಬರುವಷ್ಟು ಹೊತ್ತು, ತೋರಿಸಬೇಕಾಗಿಯೂ ವಿನಂತಿ.

ಇಂತಿ,
ಮಲ್ಪೆ ಕಡಲತೀರದ ರಸೀದಿಯಿಲ್ಲದ ಕಲಾವಿದರ ಪರವಾಗಿ